ನಾಲ್ಕು ಪುಟಗಳಿಗಾಗಿ ನಾಲ್ಕು ತಿಂಗಳು: ಮನೋವಿಜ್ಞಾನದ ಪ್ರಬಂಧಕ್ಕೆ ಆಕರ ಹುಡುಕಿದ ಅನುಭವ

ಮನೋವಿಜ್ಞಾನದ ಸ್ನಾತಕೋತ್ತರ ಪದವಿಗಾಗಿ ಬರೆದ ಪ್ರಬಂಧವನ್ನು ಕಳೆದ ತಿಂಗಳು ಬೈಂಡ್ ಮಾಡಿಸಿ, ಮೂರು ಪ್ರತಿಗಳನ್ನು ವಿಭಾಗದ ಕಚೇರಿಗೆ ಒಪ್ಪಿಸಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬಂದೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬದವರು ಹೊರುವ ಹೊರೆ ನನ್ನ ವಿಷಯವಾಗಿತ್ತು. ಮೂವತ್ತು ಮನೆಗಳ ಸಂದರ್ಶನ ಆರು ವಾರಗಳಲ್ಲಿ ಮುಗಿಯಿತು, ಲೆಕ್ಕಾಚಾರಕ್ಕೆ ಮೂರು ವಾರ ಸಾಕಾಯಿತು. ಆದರೆ ಈ ವಿಷಯದಲ್ಲಿ ನನಗಿಂತ ಮೊದಲು ಯಾರು ಏನು ಕಂಡುಕೊಂಡಿದ್ದಾರೆ ಎಂಬುದನ್ನು ನಂಬಬಹುದಾದ ಆಕರಗಳಿಂದ ಹುಡುಕಿ ತೆಗೆಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಪಠ್ಯಕ್ರಮದಲ್ಲಿ ‘ಪೂರ್ವ ಅಧ್ಯಯನಗಳ ಸಮೀಕ್ಷೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವ ಈ ಕೆಲಸವನ್ನು ಹೇಗೆ ಮಾಡಬೇಕೆಂದು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಮುಂದಿನ ವರ್ಷ ಇದೇ ದಾರಿಯಲ್ಲಿ ಬರುವವರು ನಾನು ಸುತ್ತಿದಷ್ಟು ಸುತ್ತಬಾರದೆಂದು, ನೆನಪು ಹಸಿಯಿರುವಾಗಲೇ ಬರೆದಿಡುತ್ತಿದ್ದೇನೆ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಮನೆಯದೇ ಒಂದು ಕಾರಣವಿತ್ತು. ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿರುವ ನನ್ನ ದೊಡ್ಡಮ್ಮ ಹದಿನಾಲ್ಕು ವರ್ಷಗಳಿಂದ ಕಾಯಿಲೆಯ ಮಗನನ್ನು ನೋಡಿಕೊಳ್ಳುತ್ತಿದ್ದಾರೆ. ಅವರಂಥವರ ಬಗ್ಗೆ ಯಾರಾದರೂ ಏನಾದರೂ ಬರೆದಿರಬೇಕಲ್ಲ ಎಂಬ ಕುತೂಹಲದಿಂದ ಹೊರಟೆ.

ಮೊದಲ ಪೆಟ್ಟು ಬಿದ್ದದ್ದು ಸಾರಲೇಖದ (ಸಿನಾಪ್ಸಿಸ್) ಮೊದಲ ಪುಟದಲ್ಲೇ. ‘ಕರ್ನಾಟಕದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇದೆ’ ಎಂದು ಬರೆದಿದ್ದೆ. ಮಾರ್ಗದರ್ಶಕ ಮೇಡಂ ಆ ಸಂಖ್ಯೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, “ಇದನ್ನು ಎಲ್ಲಿಂದ ತಂದೆ?” ಎಂದರು. ಒಂದು ಲೇಖನದಿಂದ ಎಂದೆ. “ಆ ಲೇಖನದವರು ಎಲ್ಲಿಂದ ತಂದರಂತೆ?” ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಂದು ಸಂಜೆ ಹಾಸ್ಟೆಲಿನಲ್ಲಿ ಕುಳಿತು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಮೂಲ ವರದಿಯನ್ನು ಇಳಿಸಿಕೊಂಡೆ. ಅದು ಉಚಿತವಾಗಿಯೇ ಸಿಗುತ್ತದೆ, ಎಂಬಿಗಳು ಮಾತ್ರ ಜಾಸ್ತಿ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ ಆ ಸಮೀಕ್ಷೆ 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಮಾತನಾಡಿಸಿತ್ತು, ಮತ್ತು ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ರಾಜ್ಯದಲ್ಲಿ ನಡೆದದ್ದು ಕೋಲಾರ ಜಿಲ್ಲೆಯ ಪೂರ್ವಭಾವಿ ಅಧ್ಯಯನವಷ್ಟೇ. 10.6 ಎಂಬುದು ಸಮೀಕ್ಷೆಯ ಹೊತ್ತಿಗೆ ಅಸ್ವಸ್ಥತೆ ಇದ್ದವರ ಪ್ರಮಾಣ, ಜೀವಿತದಲ್ಲಿ ಎಂದಾದರೂ ಅನುಭವಿಸಿದವರನ್ನು ಸೇರಿಸಿದರೆ ಅದು 13.7 ಆಗುತ್ತದೆ. ನನ್ನ ವಿಷಯಕ್ಕೆ ಬೇಕಾಗಿದ್ದ ತೀವ್ರತರ ಕಾಯಿಲೆಗಳ ಅಂಕಿಗಳು ಬೇರೆಯೇ ಇದ್ದವು, ಆಗ ಇದ್ದವರು 0.8, ಜೀವಿತದಲ್ಲಿ 1.9. ಹೀಗೆ ನಾನು ಬರೆದ ಒಂದೇ ವಾಕ್ಯದಲ್ಲಿ ರಾಜ್ಯ ತಪ್ಪಾಗಿತ್ತು, ಕಾಯಿಲೆಯೂ ನನ್ನ ವಿಷಯದ್ದಾಗಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಅದೇ ತಪ್ಪನ್ನು ಅಚ್ಚಾದ ಪ್ರಬಂಧಗಳಲ್ಲೂ ಕಂಡಾಗ ನಾಚಿಕೆ ಸ್ವಲ್ಪ ಕಡಿಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಅಂದಿನಿಂದ ಮೇಡಂ ಒಂದು ನಿಯಮ ಹಾಕಿದರು. ಕೈಯಲ್ಲಿ ಹಿಡಿದು ಓದದ ಯಾವುದನ್ನೂ ಉಲ್ಲೇಖಿಸುವಂತಿಲ್ಲ. ಸಾರಾಂಶ ಮಾತ್ರ ಓದಿದ್ದರೆ ಅದು ಓದಿದಂತಲ್ಲ. ನಾಲ್ಕು ತಿಂಗಳು ಹಿಡಿದದ್ದು ಈ ನಿಯಮದಿಂದಲೇ.

ಆಷಾಢದ ಮಳೆಗೆ ಕರೆಂಟು ಹೋಗಿ ಬರುತ್ತಿದ್ದ ದಿನಗಳಲ್ಲಿ ಹುಡುಕಾಟ ಶುರುವಾಯಿತು. ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಮನಸ್ಸಿಗೆ ತೋಚಿದ ಪದಗಳನ್ನು ಹಾಕಿದರೆ ಸಾವಿರಾರು ಫಲಿತಾಂಶಗಳು ಸುರಿಯುತ್ತಿದ್ದವು, ಮೊದಲ ನಾಲ್ಕು ಪುಟ ದಾಟುವಷ್ಟರಲ್ಲಿ ಕಣ್ಣು ಮಂಜಾಗುತ್ತಿತ್ತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್ ಇದಕ್ಕಿಂತ ಶಿಸ್ತಿನದು. ಅಲ್ಲಿ ಹೆಚ್ಚಿನ ಲೇಖನಗಳಿಗೆ ನಿಗದಿತ ವಿಷಯ ಶೀರ್ಷಿಕೆಗಳನ್ನು ಅಂಟಿಸಿರುತ್ತಾರೆ. ಆ ಶೀರ್ಷಿಕೆಗಳನ್ನು ‘ಆ್ಯಂಡ್’, ‘ಆರ್’ ಎಂಬ ಪದಗಳಿಂದ ಜೋಡಿಸಿ ಕೇಳಿದರೆ ಕಸ ಬಹಳಷ್ಟು ಕಡಿಮೆಯಾಗುತ್ತದೆ. ಆದರೂ ಭಾರತದಲ್ಲಿ ನಡೆದ ಹಳೆಯ ಅಧ್ಯಯನಗಳು ಕೈಗೆ ಸಿಗುತ್ತಲೇ ಇರಲಿಲ್ಲ. ನಮ್ಮಲ್ಲಿ ಕೆಲಸವೇ ಆಗಿಲ್ಲವೇನೋ ಎಂದು ಬರೆದುಬಿಡುವ ಹಂತಕ್ಕೆ ಬಂದಿದ್ದೆ.

ಕಾರಣ ತಿಳಿದದ್ದು ಮೂರು ವಾರಗಳ ನಂತರ, ಅದೂ ಆಕಸ್ಮಿಕವಾಗಿ. ರೋಗಿಯನ್ನು ನೋಡಿಕೊಳ್ಳುವವರಿಗೆ ನಾನು ‘ಕೇರ್‌ಗಿವರ್’ ಎಂದು ಹುಡುಕುತ್ತಿದ್ದೆ. ಬ್ರಿಟಿಷ್ ಜರ್ನಲ್‌ಗಳು ‘ಕೇರರ್’ ಎನ್ನುತ್ತವೆ. ಎಪ್ಪತ್ತು, ಎಂಬತ್ತರ ದಶಕದ ನಮ್ಮ ಲೇಖಕರು ಈ ಎರಡನ್ನೂ ಬಿಟ್ಟು ‘ರಿಲೇಟಿವ್’, ‘ಫ್ಯಾಮಿಲಿ ಬರ್ಡನ್’ ಎಂದು ಬರೆಯುತ್ತಿದ್ದರು. ಊರ ಹೆಸರುಗಳದ್ದು ಇನ್ನೊಂದು ಕಥೆ. ‘ಬೆಂಗಳೂರು’, ‘ಬಳ್ಳಾರಿ’ ಎಂಬ ಕನ್ನಡ ಉಚ್ಚಾರಣೆಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರಿನಿಂದ ಈಚೆಗೆ ಬಂದದ್ದು, ಅದಕ್ಕೂ ಹಿಂದಿನದೆಲ್ಲ ‘ಬ್ಯಾಂಗಲೋರ್’, ‘ಬೆಲ್ಲಾರಿ’. 1985ರಲ್ಲಿ ಆರಂಭವಾಗಿ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಬಳ್ಳಾರಿಯ ಯೋಜನೆಯನ್ನು ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಮೂಲ ಬರಹಗಳು ಸಿಗುವುದು ಕಷ್ಟ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನ ಅಲ್ಲಿನ ಅಧ್ಯಯನಗಳು ‘ಸೌತ್ ಕೆನರಾ’ ಅಥವಾ ‘ದಕ್ಷಿಣ ಕನ್ನಡ’ದ ಹೆಸರಿನಲ್ಲಿ ಮಲಗಿವೆ. 1973ಕ್ಕೂ ಹಿಂದಕ್ಕೆ ಹೋಗುವವರು ‘ಮೈಸೂರು ರಾಜ್ಯ’ವೆಂಬ ಹೆಸರನ್ನೂ ಹಾಕಿ ನೋಡಬೇಕು. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಇಂದಿನ ಪದ, ಬಲಪುಟದಲ್ಲಿ ಆಯಾ ಕಾಲದ ಪದಗಳನ್ನು ಬರೆದಿಟ್ಟುಕೊಂಡ ಮೇಲೆ ಹುಡುಕಾಟದ ಬಣ್ಣವೇ ಬದಲಾಯಿತು. ಯಾರಾದರೂ ನನ್ನಿಂದ ಒಂದೇ ಒಂದು ಉಪಾಯ ಕೇಳಿದರೆ ಈ ನೋಟ್‌ಬುಕ್ಕನ್ನೇ ತೋರಿಸುತ್ತೇನೆ.

ಸಿಕ್ಕಿದ್ದನ್ನು ತೆರೆಯುವುದು ಮುಂದಿನ ತೊಡಕು. ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯೂ, ಭಾರತೀಯ ಮನೋವೈದ್ಯ ಸಂಘದ ದಕ್ಷಿಣ ವಲಯ ಶಾಖೆಯ ಇಂಡಿಯನ್ ಜರ್ನಲ್ ಆಫ್ ಸೈಕಲಾಜಿಕಲ್ ಮೆಡಿಸಿನ್ ಕೂಡ ಎಲ್ಲರಿಗೂ ಮುಕ್ತವಾಗಿವೆ. ಇವೆರಡರಿಂದಲೇ ನನ್ನ ಆಕರಗಳ ಮೂರನೆಯ ಒಂದು ಭಾಗ ಬಂತು. ಉಳಿದದ್ದಕ್ಕೆ ಬಾಗಿಲು ಮುಚ್ಚಿತ್ತು. ಒಂದೇ ಲೇಖನಕ್ಕೆ ಮೂವತ್ತು ಡಾಲರಿಗೂ ಹೆಚ್ಚು ಕೇಳುವ ಪುಟ ಕಂಡಾಗಲೆಲ್ಲ ಹಾಸ್ಟೆಲಿನ ತಿಂಗಳ ಮೆಸ್ ಬಿಲ್ಲು ಕಣ್ಣೆದುರು ಬರುತ್ತಿತ್ತು. ಮನೋವಿಜ್ಞಾನಕ್ಕೇ ಮೀಸಲಾದ ಸೈಕ್‌ಇನ್ಫೊ ಎಂಬ ದತ್ತಾಂಶ ಕೋಶ ಅಮೆರಿಕದ ಮನೋವಿಜ್ಞಾನ ಸಂಘದ್ದು, ಚಂದಾ ಕಟ್ಟಿದ ಸಂಸ್ಥೆಗಳಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ನಮ್ಮ ಕಾಲೇಜು ಕಟ್ಟಿರಲಿಲ್ಲ.

ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯ ಬಗ್ಗೆ ಕೇಳಿ ಬಹಳ ಆಸೆ ಇಟ್ಟುಕೊಂಡಿದ್ದೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು 2025ರ ಜನವರಿ 1ರಿಂದ ತೆರೆದುಕೊಟ್ಟಿರುವ ಯೋಜನೆ ಅದು. ಆದರೆ ಮೊದಲ ಹಂತದಲ್ಲಿ ಅದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ ಮಾತ್ರ, ನಾನು ಓದುತ್ತಿದ್ದುದು ಖಾಸಗಿ ಕಾಲೇಜಿನಲ್ಲಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ಗೆಳತಿಗೆ ಅದರ ಪ್ರವೇಶ ಇತ್ತು, ಆದರೆ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. “ಹೌದಾ ಮಾರಾಯ್ತಿ, ನಮ್ಗೆ ಯಾರೂ ಹೇಳ್ಲೇ ಇಲ್ಲ” ಎಂದಳು. ಸರ್ಕಾರಿ ಸಂಸ್ಥೆಗಳಲ್ಲಿ ಓದುತ್ತಿರುವವರು ಮೊದಲು ಗ್ರಂಥಪಾಲಕರ ಬಳಿ ಹೋಗಿ ಇದನ್ನು ವಿಚಾರಿಸಿಕೊಳ್ಳಿ. ನನ್ನಂಥವರಿಗೆ ಉಳಿದ ದಾರಿಗಳೂ ಇವೆ. ಲೇಖನದ ಮುಕ್ತ ಪ್ರತಿ ಬೇರೆಲ್ಲಾದರೂ ಇದ್ದರೆ ತೋರಿಸಿಕೊಡುವ ಅನ್‌ಪೇವಾಲ್ ಎಂಬ ಉಚಿತ ಸಾಧನವನ್ನು ಬ್ರೌಸರಿಗೆ ಸೇರಿಸಿಕೊಂಡೆ. ಅದೂ ಕೈಕೊಟ್ಟಾಗ ಲೇಖಕರಿಗೇ ಮಿಂಚಂಚೆ ಬರೆದೆ. ನಾನು ಯಾರು, ಯಾವ ಲೇಖನ ಬೇಕು, ಯಾಕೆ ಬೇಕು ಎಂದು ಐದು ಸಾಲು ಮಾತ್ರ. ಹದಿನಾರು ಮಂದಿಗೆ ಬರೆದದ್ದರಲ್ಲಿ ಒಂಬತ್ತು ಮಂದಿ ಉತ್ತರಿಸಿದರು, ಒಬ್ಬರಂತೂ ಕೇಳದ ಇನ್ನೆರಡು ಲೇಖನಗಳನ್ನೂ ಜೊತೆಗೆ ಕಳುಹಿಸಿದ್ದರು.

ನಡುವೆ ಒಂದು ಸೋಮಾರಿತನದ ಪ್ರಕರಣವನ್ನೂ ಹೇಳಿಬಿಡಬೇಕು. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಒಂದನ್ನು ಕೇಳಿದಾಗ ಅದು ಕ್ಷಣಮಾತ್ರದಲ್ಲಿ ಏಳು ಆಕರಗಳನ್ನು ಕೊಟ್ಟಿತು. ಲೇಖಕರ ಹೆಸರು, ವರ್ಷ, ಸಂಪುಟ, ಪುಟಸಂಖ್ಯೆ ಎಲ್ಲವೂ ಅಚ್ಚುಕಟ್ಟು. ಒಂದೊಂದನ್ನೇ ತೆರೆಯಲು ಹೋದರೆ ಅವುಗಳಲ್ಲಿ ಮೂರು ಹುಟ್ಟಿಯೇ ಇರಲಿಲ್ಲ. ಜರ್ನಲ್ ನಿಜ, ಸಂಪುಟ ನಿಜ, ಆದರೆ ಆ ಪುಟದಲ್ಲಿ ಇದ್ದದ್ದು ಬೇರಾವುದೋ ಲೇಖನದ ನಟ್ಟನಡುವಿನ ಭಾಗ. ಎರಡು ದಿನ ಹಾಳಾಯಿತು. ಲೇಖನದ ಡಿಒಐ, ಅಂದರೆ ಅದಕ್ಕೆಂದೇ ಕೊಟ್ಟಿರುವ ಗುರುತಿನ ಸಂಖ್ಯೆಯನ್ನು ನೇರವಾಗಿ ಹಾಕಿ, ತೆರೆದುಕೊಳ್ಳುವ ಪುಟದಲ್ಲಿ ಅದೇ ಶೀರ್ಷಿಕೆ ಇದೆಯೇ ಎಂದು ನೋಡಿದ ಹೊರತು ಯಾವುದನ್ನೂ ಪಟ್ಟಿಗೆ ಸೇರಿಸಬಾರದೆಂದು ಅಂದೇ ತೀರ್ಮಾನಿಸಿದೆ. ಹಣ ಕೊಟ್ಟವರದ್ದನ್ನೆಲ್ಲ ಮೂರೇ ದಿನಗಳಲ್ಲಿ ಪ್ರಕಟಿಸುವ ಜರ್ನಲ್‌ಗಳ ಲೇಖನಗಳು ನಿಜವಾಗಿ ಇರುತ್ತವೆ, ಹಾಗಾಗಿ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತವೆ. ಅವುಗಳನ್ನು ಓದಿಯೇ ಗುರುತು ಹಿಡಿಯಬೇಕು. ಎಷ್ಟು ಜನರನ್ನು, ಹೇಗೆ ಆರಿಸಿ, ಯಾವ ಮಾಪನದಿಂದ ಅಳೆದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದ ಲೇಖನವನ್ನು ನಾನು ಕೈಬಿಟ್ಟೆ.

ಕನ್ನಡದಲ್ಲಿ ಏನಿದೆ ಎಂದು ನೋಡುವ ಆಸೆಯಿಂದ ಶೋಧಗಂಗಾಕ್ಕೆ ಇಳಿದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅಲ್ಲಿ ಉಚಿತವಾಗಿ ಇಟ್ಟಿದೆ, ಅಧ್ಯಾಯಕ್ಕೊಂದು ಕಡತದಂತೆ. ‘ಮಾನಸಿಕ ಆರೋಗ್ಯ’ ಎಂದು ಕನ್ನಡದಲ್ಲಿ ಹುಡುಕಿದಾಗ ಬೆರಳೆಣಿಕೆಯಷ್ಟು ಮಾತ್ರ ಬಂದವು. ಬೇರೆ ಕಾರಣಕ್ಕೆ ತೆರೆದ ಒಂದು ಪ್ರಬಂಧದಲ್ಲಿ ಆ ಪದ ಪುಟಪುಟಕ್ಕೂ ಇತ್ತು, ಆದರೂ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಒಂದು ಸಾಲನ್ನು ನಕಲಿಸಿ ಅಂಟಿಸಿ ನೋಡಿದೆ. ಕಣ್ಣಿಗೆ ಚಂದದ ಕನ್ನಡವಾಗಿ ಕಾಣುತ್ತಿದ್ದ ಸಾಲು ಅಂಟಿಸಿದೊಡನೆ ಕೊಂಬು ತಲೆಕಟ್ಟು ಹೊತ್ತ ಯುರೋಪಿನ ಅಕ್ಷರಗಳ ರಾಶಿಯಾಯಿತು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯುನಿಕೋಡ್ ಅಕ್ಷರ ಸಂಕೇತವನ್ನು ಬಳಸದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಪ್ರಬಂಧ ಅದು, ಅದರೊಳಗೆ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಇಲ್ಲ. ಇಂಥವನ್ನು ಹಿಡಿಯಬೇಕಾದರೆ ವಿಶ್ವವಿದ್ಯಾಲಯ, ವಿಭಾಗ ಎಂದು ಒಳಹೊಕ್ಕು ಶೀರ್ಷಿಕೆಗಳ ಪಟ್ಟಿಯನ್ನು ಕಣ್ಣಿನಿಂದಲೇ ಓದಬೇಕು. ಪಾರಿಭಾಷಿಕ ಪದವೂ ಒಂದೇ ಇಲ್ಲ. ಸ್ಕಿಜೋಫ್ರೇನಿಯಾಕ್ಕೆ ಒಬ್ಬರು ‘ಇಚ್ಛಿತ್ತ ವಿಕಲತೆ’ ಎಂದರೆ ಇನ್ನೊಬ್ಬರು ‘ಚಿತ್ತವಿಕಲತೆ’ ಎನ್ನುತ್ತಾರೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಮನೋವೈದ್ಯಕೀಯದ ಪುಸ್ತಕಕ್ಕೆ ಅಂಥ ಮನ್ನಣೆ ಕೊಟ್ಟ ಭಾಷೆ ನಮ್ಮದು. ಆದರೆ ಅದನ್ನು ಆಕರಪಟ್ಟಿಗೆ ಸೇರಿಸಬಹುದೇ ಎಂದು ಕೇಳಿದಾಗ ಮೇಡಂ, ಪದಗಳಿಗಾಗಿ ಓದು, ಪುರಾವೆಗೆ ಅಧ್ಯಯನಗಳನ್ನೇ ಕೊಡು ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಇನ್ನು ಆ ನಾಲ್ಕು ಪುಟಗಳ ವಿಷಯ. ಹೊರೆಯನ್ನು ಅಳೆಯಲು ಲೋಕದಲ್ಲೆಲ್ಲ ಬಳಕೆಯಲ್ಲಿರುವುದು 1980ರ ಜ಼ಾರಿಟ್ ಮಾಪನ. ಅದು ಮೂಲದಲ್ಲಿ ಮರೆಗುಳಿತನದ ಹಿರಿಯರನ್ನು ನೋಡಿಕೊಳ್ಳುವವರಿಗಾಗಿ ರೂಪುಗೊಂಡದ್ದು, ಬಳಸಲು ಪರವಾನಗಿಯನ್ನೂ ಪಡೆಯಬೇಕು. ನಮ್ಮ ಕುಟುಂಬಗಳಿಗೆಂದೇ ಬೆಂಗಳೂರಿನಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ರೂಪಿಸಿದ ಸಂದರ್ಶನ ಪಟ್ಟಿಯೊಂದಿದೆ. ನಾನು ಓದಿದ ಭಾರತೀಯ ಲೇಖನಗಳಲ್ಲಿ ಹೆಚ್ಚಿನವು ಅದನ್ನೇ ಬಳಸಿದ್ದವು. ಆದರೆ ಒಬ್ಬರು ಅದರಲ್ಲಿ 24 ಅಂಶಗಳಿವೆ ಎಂದರೆ ಇನ್ನೊಬ್ಬರು 25 ಎನ್ನುತ್ತಿದ್ದರು. ಒಬ್ಬರು 1981 ಎಂದರೆ ಇನ್ನೊಬ್ಬರು 1982. ಇಷ್ಟೊಂದು ಜನ ಉಲ್ಲೇಖಿಸಿದ ಮೂಲವನ್ನು ಅವರಲ್ಲಿ ಎಷ್ಟು ಜನ ನೋಡಿದ್ದಾರೆಂದು ಅನುಮಾನ ಬಂತು. ಅದು ಪ್ರಕಟವಾದದ್ದು ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯ 138ನೆಯ ಸಂಪುಟ, 332ರಿಂದ 335ನೆಯ ಪುಟ. ಬೆಂಗಳೂರಿನಲ್ಲಿ ಹುಟ್ಟಿದ್ದನ್ನು ಲಂಡನ್ನಿನ ಬಾಗಿಲಲ್ಲಿ ಡಾಲರು ಕೊಟ್ಟು ಬಿಡಿಸಿಕೊಳ್ಳುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಹಳೆಯ ಸಂಪುಟಗಳು ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ ಇವೆಯೆಂದು ಅವರ ಪಟ್ಟಿಯಿಂದ ತಿಳಿಯಿತು. ವಿಭಾಗ ಮುಖ್ಯಸ್ಥರ ಪತ್ರ, ಕಾಲೇಜಿನ ಗುರುತಿನ ಚೀಟಿ, ಆಧಾರ್ ಪ್ರತಿ ಹಿಡಿದುಕೊಂಡು ಕುಂದಾಪುರದಿಂದ ರಾತ್ರಿಯ ವೇಗದೂತ ಬಸ್ಸು ಹತ್ತಿದೆ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್, ಆದ್ದರಿಂದ ಖರ್ಚು ಸೊನ್ನೆ; ಸೊಂಟನೋವು ಮಾತ್ರ ಬೇರೆ ಲೆಕ್ಕ. ಬೆಳಿಗ್ಗೆ ಒಂಬತ್ತೂವರೆಗೆ ಕೌಂಟರಿನಲ್ಲಿ ಪತ್ರ ಕೊಟ್ಟರೆ, “ಸಹಿ ಇದೆ, ಸೀಲ್ ಎಲ್ಲಿದೆ?” ಎಂದರು. ಸೀಲ್ ಇರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ತರಿಸುತ್ತೇನೆ ಎಂದರೆ ಒಪ್ಪಲಿಲ್ಲ, ಕಚೇರಿಯ ಮಿಂಚಂಚೆಯಿಂದಲೇ ಬರಬೇಕಂತೆ. ನಮ್ಮ ಕಾಲೇಜಿನ ಗುಮಾಸ್ತರು ಊಟ ಮುಗಿಸಿ ಬಂದು ಅದನ್ನು ಕಳುಹಿಸುವಾಗ ಮಧ್ಯಾಹ್ನ ಎರಡೂಮುಕ್ಕಾಲು. ಅಷ್ಟು ಹೊತ್ತೂ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ಅಳು ಗಂಟಲವರೆಗೆ ಬಂದಿತ್ತು. ಹೊರಡುವ ಮುನ್ನ ಪತ್ರದ ಮೇಲೆ ಮೊಹರು ಬಿದ್ದಿದೆಯೇ ಎಂದು ನೋಡಿಕೊಳ್ಳಿ, ಮತ್ತು ಬೇಕಾದ ಸಂಪುಟ ಕಪಾಟಿನಲ್ಲಿದೆಯೇ ಎಂದು ಫೋನಿನಲ್ಲಿ ಕೇಳಿಯೇ ಹೊರಡಿ.

ನೆಲಮಾಳಿಗೆಯಲ್ಲಿ ಕೆಂಪು ರೆಕ್ಸಿನ್ ಹೊದಿಕೆಯ ಸಂಪುಟಗಳ ಸಾಲಿತ್ತು. 138 ತೆಗೆದಾಗ ಬೆನ್ನಿನ ಅಂಟು ಉದುರಿ ಕೈಗೆಲ್ಲ ಕಂದು ಪುಡಿ ಹತ್ತಿತು. ನಾಲ್ಕೇ ಪುಟ. ನಿಂತುಕೊಂಡೇ ಓದಿ ಮುಗಿಸಿದೆ. ಹಣಕಾಸಿನ ಹೊರೆ, ಮನೆಯ ನಿತ್ಯದ ಕೆಲಸಗಳಿಗೆ ಅಡ್ಡಿ, ಬಿಡುವು ಮತ್ತು ಸಂತೋಷಗಳಿಗೆ ಅಡ್ಡಿ, ಮನೆಯವರ ಒಡನಾಟಕ್ಕೆ ಧಕ್ಕೆ, ಉಳಿದವರ ದೇಹಾರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ ಎಂಬ ಆರು ವಿಭಾಗಗಳಲ್ಲಿ 24 ಅಂಶಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟಾರೆ ನಿಮಗೆ ಎಷ್ಟು ಕಷ್ಟವಾಗಿದೆ ಎಂಬ ಇನ್ನೊಂದು ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳುವುದು. ಅದನ್ನು ಒಳಗೆ ಸೇರಿಸಿಕೊಂಡವರು 25 ಎಂದು ಬರೆದಿದ್ದರು. 1982 ಎಂಬುದು ಇದೇ ಇಬ್ಬರು ಬೇರೊಂದು ಜರ್ನಲ್‌ನಲ್ಲಿ ಬರೆದ ಬೇರೊಂದು ಲೇಖನದ ವರ್ಷ. ಬಿಡುವಿನ ವಿಭಾಗಕ್ಕೆ ಬಂದಾಗ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ. ನನ್ನ ಅಕ್ಕನ ಮದುವೆಗೆ ದೊಡ್ಡಮ್ಮ ಬಂದದ್ದು ಮುಹೂರ್ತದ ಹೊತ್ತಿಗೆ ಹತ್ತು ನಿಮಿಷ ಮಾತ್ರ. ಊಟಕ್ಕೂ ಕೂರದೆ, ಎಲೆಯಲ್ಲಿ ಹೋಳಿಗೆ ಕಟ್ಟಿಸಿಕೊಂಡು ರಿಕ್ಷಾದಲ್ಲಿ ಹಿಂದಿರುಗಿದ್ದರು. ಸೆಡವು ಎಂದು ನಾವೆಲ್ಲ ಮಾತನಾಡಿಕೊಂಡಿದ್ದೆವು. ಆ ಸೆಡವಿಗೆ 1981ರಿಂದಲೂ ಅಂಕ ಹಾಕುವ ಒಂದು ಖಾನೆ ಇತ್ತು.

ಕಪೂರ್ ಅವರ ಬೆನ್ನು ಹಿಡಿದು 127ನೆಯ ಸಂಪುಟವನ್ನೂ ತೆಗೆಸಿದೆ. ಗ್ರಾಮೀಣ ಭಾರತದಲ್ಲಿ ಮನಸ್ಸಿನ ಕಾಯಿಲೆಗೆ ಜನ ಯಾರ ಬಳಿ ಹೋಗುತ್ತಾರೆ ಎಂಬ 1975ರ ಲೇಖನ ಅದರಲ್ಲಿದೆ. ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು ಎಂದು ಓದುತ್ತ ಹೋದಂತೆ ಇದು ಎಲ್ಲೋ ಕೇಳಿದ ಊರಿನಂತಿದೆಯಲ್ಲ ಎನಿಸಿತು. ಅದು ನಮ್ಮ ಕೋಟ. ದೊಡ್ಡಮ್ಮನ ಮನೆಯಿಂದ ನಡೆದು ಹೋಗುವಷ್ಟು ದೂರ. ಮನೋವೈದ್ಯರಾದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ನಡೆಸಿದ ಅಧ್ಯಯನ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ಬಂದಿತ್ತು. ಎರಡು ತಿಂಗಳಿಂದ ‘ಉಡುಪಿ’ ಎಂದು ಹುಡುಕುತ್ತಿದ್ದವಳಿಗೆ ‘ಸೌತ್ ಕೆನರಾ’ದಲ್ಲಿದ್ದ ಕೋಟ ಕಂಡಿರಲಿಲ್ಲ. ಮಂತ್ರವಾದಿ ಎಂಬ ಪದದ ಇಂಗ್ಲಿಷ್ ಕಾಗುಣಿತ ಕೂಡ ಆ ಲೇಖನದಲ್ಲಿ ‘ಮಂತರ್‌ವಾದಿ’ ಎಂಬಂತಿದೆ, ನಾವು ಬರೆಯುವ ರೀತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು ಒಳ್ಳೆಯ ಲೇಖನ ಸಿಕ್ಕಿದ ಮೇಲೆ ಅದರ ಕೊನೆಯ ಉಲ್ಲೇಖಗಳಿಂದ ಹಿಂದಕ್ಕೂ, ಗೂಗಲ್ ಸ್ಕಾಲರ್‌ನ ‘ಸೈಟೆಡ್ ಬೈ’ ಒತ್ತಿ ಅದನ್ನು ಉಲ್ಲೇಖಿಸಿದ ಲೇಖನಗಳತ್ತ ಮುಂದಕ್ಕೂ ನಡೆಯುವುದು ಹೊಸ ಪದ ಹಾಕಿ ಹುಡುಕುವುದಕ್ಕಿಂತ ಫಲಕಾರಿ ಎಂಬುದು ಆಗ ಅರ್ಥವಾಯಿತು. ಎರಡೂ ಲೇಖನಗಳ ಜೆರಾಕ್ಸಿಗೆ ಪುಟಕ್ಕೆ ಎರಡು ರೂಪಾಯಿಯಂತೆ ಇಪ್ಪತ್ತನಾಲ್ಕು ರೂಪಾಯಿ ಕೊಟ್ಟು, ರಾತ್ರಿಯ ಬಸ್ಸಿನಲ್ಲಿ ಹಿಂದಿರುಗಿದೆ.

ಉಳಿದ ಖರ್ಚುಗಳು ದೊಡ್ಡವಲ್ಲ. ಮೊಬೈಲ್ ಡೇಟಾ, ಜೆರಾಕ್ಸ್, ಎರಡು ಬಾರಿಯ ಬೆಂಗಳೂರಿನ ಊಟ ತಿಂಡಿ ಸೇರಿ ಎರಡು ಸಾವಿರ ದಾಟಲಿಲ್ಲ. ಆಕರಗಳನ್ನು ಜೋಡಿಸಿಡಲು ಜ಼ೊಟೆರೊ ಎಂಬ ಉಚಿತ ತಂತ್ರಾಂಶವನ್ನು ಮೊದಲ ದಿನವೇ ಹಾಕಿಕೊಳ್ಳಿ. ನಾನು ಎರಡನೆಯ ತಿಂಗಳಿನಲ್ಲಿ, ವರ್ಡ್ ಕಡತದಲ್ಲಿದ್ದ ನಲವತ್ತು ಆಕರಗಳ ಪಟ್ಟಿ ಕರೆಂಟು ಹೋದಾಗ ಕೆಟ್ಟುಹೋದ ಮೇಲೆ ಹಾಕಿಕೊಂಡೆ. ಅದರ ಉಚಿತ ಸಂಗ್ರಹ 300 ಎಂಬಿ ಮಾತ್ರ, ಸ್ಕ್ಯಾನ್ ಮಾಡಿದ ಹಳೆಯ ಲೇಖನಗಳು ಅದನ್ನು ಬೇಗ ತುಂಬಿಸುತ್ತವೆ. ಲೇಖನಗಳನ್ನು ಪೆನ್‌ಡ್ರೈವಿನಲ್ಲಿಟ್ಟು, ವಿವರಗಳನ್ನು ಮಾತ್ರ ಅಲ್ಲಿ ಇಟ್ಟರೆ ಸಾಕಾಗುತ್ತದೆ.

ಕೋಟದ ಪುಸ್ತಕ ಮಾತ್ರ ಕೊನೆಗೂ ಕೈಗೆ ಬರಲಿಲ್ಲ. ನಮ್ಮ ಕಡೆಯ ಒಂದು ಗ್ರಂಥಾಲಯದ ಪಟ್ಟಿಯಲ್ಲಿ ಅದರ ಹೆಸರಿತ್ತು, ಮನೋವಿಜ್ಞಾನದ ಕಪಾಟಿನಲ್ಲಿ ಪುಸ್ತಕ ಇರಲಿಲ್ಲ. ಮೇಡಂ ಹಾಕಿದ ನಿಯಮದಂತೆ ಅದನ್ನು ಆಕರಪಟ್ಟಿಯಿಂದ ಬಿಟ್ಟು, 1975ರ ಲೇಖನವನ್ನಷ್ಟೇ ಇಟ್ಟುಕೊಂಡು, ಅರವತ್ತನಾಲ್ಕು ಆಕರಗಳೊಂದಿಗೆ ಪ್ರಬಂಧ ಮುಗಿಸಿದೆ. ಸಲ್ಲಿಸಿದ ಒಂಬತ್ತನೆಯ ದಿನ ಆ ಗ್ರಂಥಾಲಯದಿಂದ ಫೋನು ಬಂತು. “ನೀವು ಕೇಳಿದ್ದ ಪುಸ್ತಕ ಸಿಕ್ಕಿತು ನೋಡಿ. ಹೆಸರಿನಲ್ಲಿ ಊರು ಇತ್ತಲ್ಲ, ಯಾರೋ ಸ್ಥಳೀಯ ಇತಿಹಾಸದ ಕಪಾಟಿಗೆ ಹಾಕಿದ್ದರು” ಎಂದರು ಗ್ರಂಥಪಾಲಕರು. ಮರುದಿನವೇ ಹೋಗಿ ತಂದೆ. ಬರುವ ದಾರಿಯಲ್ಲಿ ಸಾಲಿಗ್ರಾಮದಲ್ಲಿ ಇಳಿದು, ಅದನ್ನು ಚೀಲದಲ್ಲಿ ಇಟ್ಟುಕೊಂಡೇ ದೊಡ್ಡಮ್ಮನ ಮನೆಯಲ್ಲಿ ಸಂಜೆಯವರೆಗೆ ಕುಳಿತಿದ್ದೆ.